ನೋವು ಹೋದ ಮೇಲಿನ ತಿಂಗಳುಗಳು
ಕಾಖಂಡಕಿಯ ತಂದೆ-ತಾಯಿಗಳಿಗೊಂದು ಬಹಿರಂಗ ಪತ್ರ

ಕಾಖಂಡಕಿ ಹಾಗೂ ಸುತ್ತಲಿನ ಬಬಲೇಶ್ವರ, ತಿಕೋಟಾ ಭಾಗದ ಊರುಗಳಲ್ಲಿ ಮಕ್ಕಳನ್ನು ಆಟಕ್ಕೆ ಕಳಿಸುವ ಎಲ್ಲ ತಂದೆ-ತಾಯಿಗಳಿಗೆ,



ಶಾಲೆಗಳ ವಲಯ ಮಟ್ಟದ ಕ್ರೀಡಾಕೂಟಗಳು ಹತ್ತಿರ ಬಂದಿವೆ. ಅದಕ್ಕೇ ಈ ಪತ್ರ. ನಾನು ವಿಜಯಪುರದಲ್ಲಿ ಫಿಜಿಯೊಥೆರಪಿ ಮಾಡುವವಳು, ತವರು ನಿಮ್ಮ ಕಡೆಯದೇ. ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ನನ್ನ ಹತ್ತಿರ ಬರುವ ಹುಡುಗ ಹುಡುಗಿಯರಲ್ಲಿ ಕಬಡ್ಡಿ, ಕೊಕ್ಕೊ ಆಡುವವರೇ ಹೆಚ್ಚು. ಈಚೆಗೆ ಬಾಸ್ಕೆಟ್‌ಬಾಲ್ ಆಡುವ ಮಕ್ಕಳೂ ಬರುತ್ತಿದ್ದಾರೆ. ಅವರ ಜೊತೆ ಬರುವ ಅಪ್ಪ ಅವ್ವಂದಿರಿಗೆ ಒಬ್ಬೊಬ್ಬರಿಗೇ ಕೂತು ಹೇಳುವ ಮಾತನ್ನು ಈ ಸಲ ನಿಮ್ಮೆಲ್ಲರಿಗೂ ಒಟ್ಟಿಗೆ ಹೇಳಬೇಕೆನ್ನಿಸಿತು.

ಮಾತು ಇಷ್ಟು. ಮೊಣಕಾಲಿನ ನೋವು ಹೋಯಿತೆಂದು ಮಗುವನ್ನು ಅಂಕಣಕ್ಕೆ ಇಳಿಸಬೇಡಿ. ಮೊಣಕಾಲೇ ಹೋಯಿತೆಂದು ಹೆದರಿ ಆಟ ಬಿಡಿಸಲೂ ಬೇಡಿ. ಇವೆರಡರ ನಡುವೆ ಸುಮಾರು ಒಂದು ವರ್ಷದ ದಾರಿ ಇದೆ. ಅದನ್ನು ನಿಮ್ಮ ಮಗು ಒಂಟಿಯಾಗಿ ನಡೆಯಲಾರದು.

ಬಾಸ್ಕೆಟ್‌ಬಾಲ್‌ನಲ್ಲಿ ಮೊಣಕಾಲಿನ ಒಳಗಿನ ಲಿಗಮೆಂಟು ಹರಿಯುವುದಕ್ಕೆ ಯಾರೂ ಬಂದು ಗುದ್ದಬೇಕಿಲ್ಲ. ಹೆಚ್ಚಿನ ಸಲ ಗುದ್ದಿರುವುದೂ ಇಲ್ಲ. ಚೆಂಡಿಗಾಗಿ ಜಿಗಿದ ಮಗು ಒಂದೇ ಕಾಲಿನ ಮೇಲೆ ಇಳಿಯುತ್ತದೆ, ಇಳಿಯುತ್ತಲೇ ಮೈ ಒಂದು ಕಡೆ ತಿರುಗುತ್ತದೆ, ಪಾದ ಮಾತ್ರ ನೆಲಕ್ಕೆ ಕಚ್ಚಿಕೊಂಡಿರುತ್ತದೆ. ಮೊಣಕಾಲು ಒಳಗಡೆಗೆ ವಾಲುತ್ತದೆ. ಆಗ ‘ಪಟ್’ ಎಂದ ಸದ್ದು ಎಷ್ಟೋ ಮಕ್ಕಳಿಗೆ ತಮ್ಮ ಕಿವಿಗೇ ಕೇಳಿಸಿರುತ್ತದೆ. ತೊಡೆಯೆಲುಬಿನ ಕೆಳಗೆ ಕಣಕಾಲಿನ ಎಲುಬು ಮುಂದಕ್ಕೆ ಜಾರದಂತೆ, ತಿರುಚದಂತೆ ಹಿಡಿದಿಡುವ ಈ ನಾರಿಗೆ ಡಾಕ್ಟರುಗಳು ಎಸಿಎಲ್ ಎನ್ನುತ್ತಾರೆ. ಜಿಗಿತ ಮತ್ತು ತಿರುವುಗಳ ಈ ಆಟದಲ್ಲಿ ಹುಡುಗಿಯರಿಗೆ ಈ ಪೆಟ್ಟು ಹುಡುಗರಿಗಿಂತ ಎರಡು ಪಟ್ಟಿಗೂ ಹೆಚ್ಚು. ಅದನ್ನು ಹೆಣ್ಣಿನ ಮೈಯ ಕುಂದು ಎಂದುಕೊಳ್ಳಬೇಡಿ. ಇಳಿಯುವಾಗ ಮೊಣಕಾಲು ಬಾಗಿಸದೆ ನೆಟ್ಟಗೆ ಇಳಿಯುವುದು, ಸೊಂಟ ಮತ್ತು ತೊಡೆಯ ಹಿಂಭಾಗದ ಸ್ನಾಯುಗಳಿಗೆ ಸಾಕಷ್ಟು ಬಲ ಬಂದಿರದಿರುವುದು ಇದರಲ್ಲಿ ದೊಡ್ಡ ಪಾಲು. ಇವೆರಡನ್ನೂ ಕಲಿಸಬಹುದು.

ನನ್ನ ಹತ್ತಿರ ಈಗ ಬರುತ್ತಿರುವ ಒಬ್ಬ ಹುಡುಗಿಯ ಬಗ್ಗೆ ಹೇಳಲೇಬೇಕು. ಹೆಸರು, ಊರು ಬರೆಯುವುದಿಲ್ಲ. ಹೈಸ್ಕೂಲು ಓದುವ, ತನ್ನ ವಯಸ್ಸಿಗೆ ಎತ್ತರದ ಹುಡುಗಿ. ಸಿಮೆಂಟಿನ ಅಂಕಣದಲ್ಲಿ ರೀಬೌಂಡ್ ಹಿಡಿಯಲು ಹೋಗಿ ಬಿದ್ದಳು. ಸಂಜೆ ಅನ್ನುವಷ್ಟರಲ್ಲಿ ಮೊಣಕಾಲು ಬಾತು ಚಿಪ್ಪಿನ ಅಕ್ಕಪಕ್ಕದ ತಗ್ಗುಗಳೇ ಕಾಣದಂತಾದವು. ಮನೆಯಲ್ಲಿ ಉಳುಕೆಂದು ತಿಳಿದು ಎಣ್ಣೆ ಹಚ್ಚಿ ತಿಕ್ಕಿಸಿದರು, ಎಳೆಸಿದರು, ಬಿಸಿ ಇಟ್ಟಿಗೆಯಿಂದ ಕಾಸಿದರು. ಮೂರು ನಾಲ್ಕು ದಿನ ಬಿಟ್ಟು ಎಕ್ಸರೇ ತೆಗೆಸಿದಾಗ ಎಲುಬಿಗೆ ಏನೂ ಆಗಿಲ್ಲವೆಂದು ಗೊತ್ತಾಯಿತು. ‘ಎಲುಬು ಚಲೋ ಐತಿ ಅಂದ್ರು, ಅದಕ್ಕ ಸುಮ್ಮನಾದ್ವಿ’ ಎಂದು ತಾಯಿ ನನ್ನೆದುರು ಹೇಳಿದರು. ಬಾವು ಇಳಿಯಿತು, ಹುಡುಗಿ ಓಡಾಡತೊಡಗಿದಳು. ಒಂದು ದಿನ ಮನೆಯ ಕಟ್ಟೆಯಿಂದ ಇಳಿಯುವಾಗ ಮೊಣಕಾಲು ಒಮ್ಮೆಲೇ ಕೈಕೊಟ್ಟಿತು. ಆಮೇಲೆಯೇ ಎಂಆರ್‌ಐ ಆಯಿತು, ಲಿಗಮೆಂಟು ಹರಿದದ್ದು ಕಾಣಿಸಿತು.

ಆ ತಾಯಿಯನ್ನು ನಾನು ದೂರುವುದಿಲ್ಲ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೇ ಕ್ರಮ ನಡೆದು ಬಂದಿದೆ. ಆದರೆ ನೀವು ಇದನ್ನು ಓದಿದ ಮೇಲೆ ನಿಮ್ಮ ಮನೆಯಲ್ಲಿ ಹೀಗೆ ಆಗಬಾರದು. ಆಡುವಾಗ ಮೊಣಕಾಲು ತಿರುಚಿ ಎರಡು ಮೂರು ತಾಸಿನೊಳಗೇ ಬಾತುಕೊಂಡರೆ ಕೀಲಿನೊಳಗೆ ರಕ್ತ ಇಳಿದಿದೆ ಎಂದೇ ತಿಳಿಯಬೇಕು. ಅಂಥ ಕಾಲನ್ನು ತಿಕ್ಕಬಾರದು, ಎಳೆಯಬಾರದು, ಕಾಸಬಾರದು. ಆಟ ಅಲ್ಲಿಗೇ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದು ಇಪ್ಪತ್ತು ನಿಮಿಷ ಇಡಿ, ಕ್ರೇಪ್ ಬ್ಯಾಂಡೇಜು ಸುತ್ತಿ, ದಿಂಬಿನ ಮೇಲೆ ಕಾಲು ಎತ್ತಿಡಿ. ಎಲುಬು, ಕೀಲಿನ ಡಾಕ್ಟರಿಗೆ ತೋರಿಸಿ. ಎಕ್ಸರೇಯಲ್ಲಿ ಎಲುಬು ಕಾಣುತ್ತದೆ, ಲಿಗಮೆಂಟು ಕಾಣುವುದಿಲ್ಲ. ಎಕ್ಸರೇ ಸರಿ ಇದೆ ಎಂದು ಹೇಳಿದರೂ ‘ಲಿಗಮೆಂಟು ಪರೀಕ್ಷೆ ಮಾಡಿದಿರೇನ್ರಿ?’ ಎಂದು ಕೇಳಿ. ಅನುಭವವಿರುವ ಡಾಕ್ಟರು ಕೈಯಿಂದಲೇ ಕಾಲನ್ನು ಮುಂದಕ್ಕೆ ಎಳೆದು ನೋಡಿ ಬಹಳಷ್ಟು ಹೇಳಬಲ್ಲರು. ಕಾಲು ಒಂದು ಕಡೆ ಸಿಕ್ಕಿಕೊಂಡು ನೆಟ್ಟಗಾಗದಿದ್ದರೆ, ಅಂದರೆ ಲಾಕ್ ಆಗಿದ್ದರೆ, ತಡ ಮಾಡಲೇಬೇಡಿ. ಮೊಣಕಾಲಿನ ಗಾದಿಯಾದ ಮೆನಿಸ್ಕಸ್ ಹರಿದು ನಡುವೆ ಸಿಕ್ಕಿರಬಹುದು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಬೆಳೆಯುವ ಮಕ್ಕಳ ಮೊಣಕಾಲು ನೋವೆಲ್ಲ ಲಿಗಮೆಂಟಿನದಲ್ಲ. ಚಿಪ್ಪಿನ ಕೆಳಗೆ, ಕಣಕಾಲಿನ ಮೇಲ್ತುದಿಯ ಉಬ್ಬಿನಲ್ಲಿ ನೋವು, ಜಿಗಿದಾಗ ಹೆಚ್ಚು, ಬಾವು ಕೀಲಿಗಿಲ್ಲ ಎಂದರೆ ಅದು ಬೆಳವಣಿಗೆಯ ವಯಸ್ಸಿನ ನೋವು ಇರಬಹುದು. ಓಟ-ಜಿಗಿತ ಕಡಿಮೆ ಮಾಡಿದರೆ, ತೊಡೆಯ ಸ್ನಾಯು ಸಡಿಲಿಸುವ ವ್ಯಾಯಾಮ ಮಾಡಿದರೆ ಕೆಲವು ತಿಂಗಳಲ್ಲಿ ಅದು ತಹಬಂದಿಗೆ ಬರುತ್ತದೆ. ಲಿಗಮೆಂಟು ಹರಿದಿದ್ದರೆ, ಎಲುಬಿನ ಬೆಳವಣಿಗೆ ಇನ್ನೂ ಮುಗಿಯದ ಮಕ್ಕಳಲ್ಲಿ ಶಸ್ತ್ರಚಿಕಿತ್ಸೆಯ ವಿಧಾನವೇ ಬೇರೆಯಾಗಬಹುದು. ‘ನಮ್ಮ ಹುಡುಗಿಯ ಎಲುಬು ಇನ್ನೂ ಬೆಳೀತಾವೇನು?’ ಎಂದು ಡಾಕ್ಟರನ್ನು ಕೇಳಲು ಸಂಕೋಚಪಡಬೇಡಿ. ಶಸ್ತ್ರಚಿಕಿತ್ಸೆ ಬೇಕೇ, ಬೇಡವೇ ಎಂಬುದನ್ನೂ ಅವರೇ ನೋಡಿ ಹೇಳುತ್ತಾರೆ. ಹರಿದವರೆಲ್ಲರಿಗೂ ಮರುದಿನವೇ ಬೇಕೆಂದೇನಿಲ್ಲ. ಬಾವು ಇಳಿಸಿ, ಕಾಲು ಪೂರ್ತಿ ನೆಟ್ಟಗೆ ಮಾಡಿ, ತೊಡೆಗೆ ಒಂದಿಷ್ಟು ಬಲ ಬರಿಸಿದ ಮೇಲೆ ಮಾಡಿದರೆ ಫಲ ಚೆನ್ನಾಗಿರುತ್ತದೆ.

ಆ ಹುಡುಗಿಗೆ ಶಸ್ತ್ರಚಿಕಿತ್ಸೆ ಆಯಿತು. ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು ಹರಿದ ಲಿಗಮೆಂಟಿನ ಜಾಗಕ್ಕೆ ಹಾಕಿದರು. ನಿಜವಾದ ಕಷ್ಟ ಶುರುವಾದದ್ದು ಆಮೇಲೆ, ಅದೂ ಮೂರನೆಯ ತಿಂಗಳಿನಲ್ಲಿ.

ಮೂರನೆಯ ತಿಂಗಳಲ್ಲಿ ನೋವು ಇರುವುದಿಲ್ಲ. ಬಾವು ಇರುವುದಿಲ್ಲ. ಕುಂಟು ಹೋಗಿರುತ್ತದೆ. ಹುಡುಗಿ ಅಂಗಡಿಗೆ ಹೋಗಿ ಬರುತ್ತಾಳೆ, ಬಸ್ಸು ಹತ್ತುತ್ತಾಳೆ. ‘ನೋವ ಇಲ್ಲ, ಬಾವ ಇಲ್ಲ, ಮತ್ಯಾಕ ಕುಂದ್ರಸೂದ್ರಿ?’ ಎಂದು ಆ ತಾಯಿ ಕೇಳಿದರು. ಎಲ್ಲ ತಾಯಂದಿರೂ ಕೇಳುತ್ತಾರೆ. ಉತ್ತರವನ್ನು ಸ್ವಲ್ಪ ನಿಧಾನವಾಗಿ ಓದಿಕೊಳ್ಳಿ. ಹಾಕಿದ ರಜ್ಜು ಮೊದಲಿನ ಜಾಗದ ರಕ್ತಸಂಚಾರ ಕಳೆದುಕೊಂಡು ಬಂದಿರುತ್ತದೆ. ಮೊದಲ ವಾರಗಳಲ್ಲಿ ಅದರೊಳಗಿನ ಜೀವಕೋಶಗಳು ಬಹುಪಾಲು ಸಾಯುತ್ತವೆ. ಆಮೇಲೆ ಹೊಸ ರಕ್ತನಾಳಗಳು ಒಳಗೆ ಹೊಕ್ಕು, ಹೊಸ ಕೋಶಗಳು ಬಂದು, ಅದು ಮೆಲ್ಲಗೆ ಲಿಗಮೆಂಟಿನ ರೂಪ ತಾಳುತ್ತದೆ. ಈ ಮಾರ್ಪಾಡು ನಡೆಯುವಾಗ, ಅಂದರೆ ಎರಡು ಮೂರು ತಿಂಗಳ ಹೊತ್ತಿಗೆ, ಆ ರಜ್ಜು ಹಾಕಿದ ದಿನಕ್ಕಿಂತಲೂ ದುರ್ಬಲವಾಗಿರುತ್ತದೆ. ಮಗುವಿಗೆ ನೋವು ಹೋಗುವ ಸಮಯವೂ, ಹೊಸ ಲಿಗಮೆಂಟು ತೀರಾ ಸೋತಿರುವ ಸಮಯವೂ ಒಂದೇ. ಈ ಕಾಲದಲ್ಲಿ ನೋವನ್ನು ನಂಬಿ ನಿರ್ಧಾರ ಮಾಡಿದರೆ ಮೋಸ ಹೋಗುತ್ತೀರಿ.

ನಾರ್ವೆಯ ಓಸ್ಲೋದ ರೋಗಿಗಳನ್ನು ಎರಡು ವರ್ಷ ಗಮನಿಸಿದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಂಕಿ ನನ್ನ ಗೋಡೆಯ ಮೇಲೆ ಬರೆದು ಅಂಟಿಸಿಟ್ಟಿದ್ದೇನೆ. ಶಸ್ತ್ರಚಿಕಿತ್ಸೆಯಾದ ಮೇಲೆ ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆ ಮೊಣಕಾಲಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಶೇಕಡಾ 51ರಷ್ಟು ಕಡಿಮೆಯಾಗುತ್ತ ಬಂತು. ಕಾಲಿನ ಬಲದ ಪರೀಕ್ಷೆಗಳಲ್ಲಿ ಪಾಸಾಗದೆಯೇ ಆಡಲು ಹೋದವರಲ್ಲಿ ಶೇಕಡಾ 38ರಷ್ಟು ಮಂದಿಗೆ ಮತ್ತೆ ಪೆಟ್ಟಾಯಿತು. ಪಾಸಾಗಿ ಹೋದವರಲ್ಲಿ ಅದು ಶೇಕಡಾ 6ಕ್ಕಿಂತ ಕಡಿಮೆ. ಎಳೆಯ ವಯಸ್ಸಿನಲ್ಲಿ ಆಟಕ್ಕೆ ಮರಳಿದವರಲ್ಲಿ ಸರಿಸುಮಾರು ನಾಲ್ವರಲ್ಲಿ ಒಬ್ಬರಿಗೆ, ಅದೇ ಕಾಲಿಗೋ ಇನ್ನೊಂದಕ್ಕೋ, ಎರಡನೆಯ ಸಲ ಎಸಿಎಲ್ ಹರಿಯುತ್ತದೆ ಎಂದು ಬೇರೆ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಹಿಂದೆ ನನ್ನಲ್ಲಿ ಬರುತ್ತಿದ್ದ ಒಬ್ಬ ಹುಡುಗ ಐದನೆಯ ತಿಂಗಳಿಗೇ ಊರ ಜಾತ್ರೆಯ ಪಂದ್ಯಕ್ಕೆ ಇಳಿದ. ಅವನಿಗೆ ಎರಡನೆಯ ಶಸ್ತ್ರಚಿಕಿತ್ಸೆ ಆಯಿತು. ಈಗ ಆಡುವುದಿಲ್ಲ.

ಕಾಖಂಡಕಿಯವರಿಗೆ ಇದನ್ನು ಹೇಳಲು ನನಗೆ ಹೆಚ್ಚು ಕಷ್ಟವಾಗಬಾರದು. ಕಾರಹುಣ್ಣಿಮೆ ಮುಗಿದ ಮೇಲೆ ನಿಮ್ಮೂರಲ್ಲಿ ನಡೆಯುವ, ಹೋರಿ ಓಡಿಸುವ ಕರಿ ನೋಡಲು ಸಾವಿರಾರು ಜನ ಸೇರುತ್ತಾರೆ. ಆ ಹೋರಿಗಳನ್ನು ವರ್ಷವೆಲ್ಲ ಸಾಕುವ ರೀತಿಯನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ಕಾಲು ಉಳುಕಿದ ಎತ್ತಿಗೆ, ಅದು ಎದ್ದು ನಿಂತಿತೆಂದು, ಯಾವ ರೈತನೂ ಮರುದಿನ ನೊಗ ಹೂಡುವುದಿಲ್ಲ. ಮೊದಲು ಬರಿಮೈಯಲ್ಲಿ ನಡೆಸುತ್ತಾನೆ, ಆಮೇಲೆ ಹಗುರ ಬಂಡಿಗೆ ಕಟ್ಟುತ್ತಾನೆ, ಕುಂಟು ಬಂದರೆ ಬಿಚ್ಚಿಬಿಡುತ್ತಾನೆ. ಆ ತಾಳ್ಮೆ ನಿಮ್ಮ ಕೈಯಲ್ಲೇ ಇದೆ. ಮಕ್ಕಳಿಗೂ ಅದನ್ನು ತೋರಿಸಿ ಎಂದಷ್ಟೇ ಕೇಳುತ್ತೇನೆ.

ಆ ತಿಂಗಳುಗಳಲ್ಲಿ ಮಾಡಬೇಕಾದದ್ದು ಬಹಳ ಇದೆ, ಸುಮ್ಮನೆ ಕೂಡಿಸುವುದು ಅದರಲ್ಲಿಲ್ಲ. ಮೊದಲ ದಿನದಿಂದಲೇ ಕಾಲು ಪೂರ್ತಿ ನೆಟ್ಟಗಾಗಬೇಕು. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಮೊಣಕಾಲನ್ನು ಕೆಳಕ್ಕೆ ಒತ್ತಿಸಿ. ರಾತ್ರಿ ಮೊಣಕಾಲಿನ ಕೆಳಗೆ ದಿಂಬಿಟ್ಟು ಮಲಗಿಸಬೇಡಿ. ಹಾಯಾಗಿರುತ್ತದೆ, ಆದರೆ ಕಾಲು ಬಾಗಿದಂತೆಯೇ ಬಿಗಿದುಬಿಡುತ್ತದೆ. ನಮ್ಮ ಮನೆಗಳಲ್ಲಿ ನೆಲದ ಮೇಲೆ ಕೂತೇ ಊಟ, ಕುಕ್ಕರಗಾಲಲ್ಲೇ ಸಂಡಾಸು. ಕೆಲವು ತಿಂಗಳಾದರೂ ಮಗುವಿಗೆ ಖುರ್ಚಿ ಕೊಡಿ, ಸಂಡಾಸಿಗೆ ನಡುವೆ ತೂತಿರುವ ಖುರ್ಚಿ ತಂದಿಡಿ. ಮಳೆಗಾಲದಲ್ಲಿ ಎರೆಹೊಲಕ್ಕೆ ಕಳಿಸಬೇಡಿ. ಕಾಲಿಗೆ ಮೆತ್ತಿಕೊಳ್ಳುವ ಆ ಮಣ್ಣಿನಲ್ಲಿ ಪಾದ ಸಿಕ್ಕಿಕೊಂಡು ಮೈ ತಿರುಗಿದರೆ ಮೊದಲಿನ ಪೆಟ್ಟಿನ ರೀತಿಯೇ ಆಗುತ್ತದೆ. ಮುಂದೆ ತೊಡೆಗೆ ಬಲ ಬರಿಸುವ ಕೆಲಸಕ್ಕೆ ದುಬಾರಿ ಯಂತ್ರವೇ ಬೇಕಿಲ್ಲ. ಮನೆಯ ಕಟ್ಟೆ, ಗೋಡೆ, ಜೋಳ ತುಂಬಿದ ಚೀಲ ಬಹಳ ದೂರ ಕೊಂಡೊಯ್ಯುತ್ತವೆ. ಎಷ್ಟು ಭಾರ, ಎಷ್ಟು ಬಾಗು, ಯಾವಾಗ ಎಂಬುದನ್ನು ಮಾತ್ರ ಚಿಕಿತ್ಸೆ ಕೊಡುವವರೇ ಹೇಳಬೇಕು.

ಮಗುವಿನ ಎರಡೂ ತೊಡೆಗಳನ್ನು ನೀವೇ ಟೇಪು ಹಿಡಿದು ಅಳೆಯಬಹುದು. ಚಿಪ್ಪಿನ ಮೇಲಂಚಿನಿಂದ ಒಂದು ಗೇಣು ಮೇಲೆ ಪೆನ್ನಿನಿಂದ ಗುರುತು ಹಾಕಿ, ಎರಡೂ ಕಡೆ ಅದೇ ಎತ್ತರದಲ್ಲಿ ಸುತ್ತಳತೆ ತೆಗೆಯಿರಿ. ಆ ಹುಡುಗಿಯ ಅಪ್ಪ ಮೊದಲ ಸಲ ಅಳೆದಾಗ ಟೇಪನ್ನು ಎರಡು ಸಲ ಬಿಚ್ಚಿ ಮತ್ತೆ ಸುತ್ತಿ ನೋಡಿದರು. ನೋವಿಲ್ಲದ, ನೋಡಲು ನೆಟ್ಟಗಿದ್ದ ಆ ಕಾಲು ಇನ್ನೊಂದಕ್ಕಿಂತ ಅಷ್ಟು ಸೊರಗಿತ್ತು. ಅವತ್ತಿನಿಂದ ಅವರು ಆಟಕ್ಕೆ ಯಾವಾಗ ಎಂದು ಕೇಳಿಲ್ಲ. ಈಗ ಏಳನೆಯ ತಿಂಗಳು. ಅವಳು ಓಡುತ್ತಾಳೆ, ಎರಡೂ ಕಾಲಿನ ಮೇಲೆ ಜಿಗಿದು ಮೆತ್ತಗೆ ಇಳಿಯುತ್ತಾಳೆ. ಒಂಟಿ ಕಾಲಿನಲ್ಲಿ ಜಿಗಿಸಿ ಅಳೆದರೆ ಒಳ್ಳೆಯ ಕಾಲು ಹಾರಿದಷ್ಟು ದೂರದ ಮುಕ್ಕಾಲು ಪಾಲಿಗೆ ಮಾತ್ರ ಪೆಟ್ಟಾದ ಕಾಲು ಮುಟ್ಟುತ್ತದೆ. ಕನಿಷ್ಠ ನೂರಕ್ಕೆ ತೊಂಬತ್ತು ಆಗಬೇಕು. ತೊಡೆಯ ಬಲವೂ ಅಷ್ಟೇ. ಮತ್ತೆ ಚೆಂಡಿಗೆ ಜಿಗಿಯಲು ಅವಳ ಮನಸ್ಸಿಗೂ ಧೈರ್ಯ ಬರಬೇಕು. ಈ ವರ್ಷ ಅವಳು ಜಿಲ್ಲಾ ಮಟ್ಟಕ್ಕೆ ಆಡುವುದಿಲ್ಲ. ಅದನ್ನು ಹೇಳಿದ ದಿನ ಅತ್ತಳು, ಮರುದಿನ ಬಂದು ವ್ಯಾಯಾಮ ಮಾಡಿದಳು.

ಆಗಲೇ ನಿಮ್ಮ ಇನ್ನೊಂದು ಹೆದರಿಕೆ ಮುಂದೆ ಬರುತ್ತದೆ. ‘ಇನ್ನ ಆಟ ಸಾಕು, ಹೆಣ್ಣುಹುಡುಗಿ, ನಾಳೆ ಲಗ್ನದಾಗ ಕಾಲಿನ ಸುದ್ದಿ ಬಂದ್ರ?’ ಎಂದು ಹೇಳುವವರು ಕಡಿಮೆಯಿಲ್ಲ. ಸರಿಯಾಗಿ ಗುಣವಾದ ಮೊಣಕಾಲಿನಿಂದ ಮನೆಗೆಲಸ, ಹೊಲದ ಕೆಲಸ, ಹೆರಿಗೆ ಯಾವುದಕ್ಕೂ ಅಡ್ಡಿಯಿಲ್ಲ. ಅರ್ಧಕ್ಕೆ ಬಿಟ್ಟ ಚಿಕಿತ್ಸೆಯಿಂದ, ಮತ್ತೆ ಮತ್ತೆ ಕೈಕೊಡುವ ಕೀಲಿನಿಂದ ಮುಂದೆ ಸವೆತ ಬರುವ ಸಾಧ್ಯತೆ ಹೆಚ್ಚುತ್ತದೆ. ಹೆದರಿಕೆ ಇರಬೇಕಾದದ್ದು ಅದಕ್ಕೆ. ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತಾಗ ಇದೇ ಜಿಲ್ಲೆಯ ಮನೆಮನೆಗಳಲ್ಲಿ ಟಿವಿ ಮುಂದೆ ಕೂತು ಚಪ್ಪಾಳೆ ತಟ್ಟಿದೆವು. ನಿಮ್ಮ ಮಗಳಿಗೂ ಆಡುವ ಹಕ್ಕಿದೆ.

ಬಾಸ್ಕೆಟ್‌ಬಾಲ್‌ನಲ್ಲೇ ನೋಡಿ. ಅಮೆರಿಕದ ಸೂ ಬರ್ಡ್ ಕಾಲೇಜಿನ ಮೊದಲ ವರ್ಷದಲ್ಲಿ, 1998ರಲ್ಲಿ, ಎಂಟು ಪಂದ್ಯ ಆಡುವಷ್ಟರಲ್ಲಿ ಎಸಿಎಲ್ ಹರಿದುಕೊಂಡರು. ಆ ಋತು ಪೂರ್ತಿ ಕೂತರು. ಮುಂದೆ ಐದು ಒಲಿಂಪಿಕ್ ಚಿನ್ನ ಗೆದ್ದು 2022ರಲ್ಲಿ ನಿವೃತ್ತರಾದಾಗ ಅವರಿಗೆ 41 ವರ್ಷ. ಅದೇ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಪೇಜ್ ಬೆಕರ್ಸ್ 2022ರ ಆಗಸ್ಟಿನಲ್ಲಿ ಇದೇ ಪೆಟ್ಟಿನಿಂದ ಒಂದಿಡೀ ಋತು ಆಟ ಬಿಟ್ಟರು. 2025ರಲ್ಲಿ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸಿದರು. ನಮ್ಮ ಕುಸ್ತಿಪಟು ವಿನೇಶ್ ಫೋಗಟ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಸ್ಟ್ರೆಚರ್ ಮೇಲೆ ಹೊರಬಂದದ್ದು ನಿಮಗೆ ನೆನಪಿರಬಹುದು. ಎರಡು ವರ್ಷದ ಮೇಲೆ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಅವರು ಚಿನ್ನ ಗೆದ್ದರು. ಇವರ ಬೆನ್ನಿಗೆ ದೊಡ್ಡ ಆಸ್ಪತ್ರೆ, ತಜ್ಞರು ಇದ್ದರು ಎಂದು ನೀವು ಹೇಳಬಹುದು. ನಿಜ. ಆದರೆ ಅವರಿಗೂ ಕಾಯುವ ತಿಂಗಳುಗಳು ಕಡಿಮೆಯಾಗಲಿಲ್ಲ. ಆ ಕಾಯುವಿಕೆಗೆ ದುಡ್ಡು ಬೇಕಿಲ್ಲ.

ಹದಿನೇಳು ವರ್ಷದೊಳಗಿನವರ ವಿಭಾಗ ಈ ವರ್ಷ ತಪ್ಪಿದರೆ ಪಿಯುಸಿಯಲ್ಲಿ ಹತ್ತೊಂಬತ್ತರ ವಿಭಾಗ ಇದೆ. ಅದಾದ ಮೇಲೆ ವಿಶ್ವವಿದ್ಯಾಲಯದ ತಂಡಗಳಿವೆ. ಒಂದು ವರ್ಷದ ಪ್ರಮಾಣಪತ್ರಕ್ಕಾಗಿ ಉಳಿದ ಅಷ್ಟೂ ವರ್ಷಗಳನ್ನು ಪಣಕ್ಕಿಡಬೇಡಿ.

ಖರ್ಚಿನ ಮಾತು. ಬಿಪಿಎಲ್ ಕಾರ್ಡಿದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. ನಿಮ್ಮ ಮಗುವಿನ ಚಿಕಿತ್ಸೆ ಅವುಗಳಲ್ಲಿ ಬರುತ್ತದೆಯೇ ಎಂದು ಆಸ್ಪತ್ರೆಗೆ ಸೇರಿಸುವ ಮೊದಲೇ ಅಲ್ಲಿನ ಆರೋಗ್ಯಮಿತ್ರರಲ್ಲಿ ಕೇಳಿ ತಿಳಿದುಕೊಳ್ಳಿ, ಸಾಲ ಮಾಡಿದ ಮೇಲಲ್ಲ.

ನಿಮ್ಮ ಊರಿನ ದೈಹಿಕ ಶಿಕ್ಷಕರೂ ಈ ಪತ್ರ ಓದಲಿ ಎಂದು ಬಯಸುತ್ತೇನೆ. ಗುರುಗಳೇ, ತಂಡದಲ್ಲಿ ಒಬ್ಬಳು ಕಡಿಮೆಯಾದರೆ ನಿಮಗೆಷ್ಟು ಕಷ್ಟ ಎಂಬುದು ನನಗೆ ಗೊತ್ತು. ಆದರೂ ಪೆಟ್ಟಾದ ಮಗುವಿಗೆ ‘ಬರೇ ಹತ್ತು ನಿಮಿಷ ನಿಂತು ಬಾ’ ಎನ್ನಬೇಡಿ. ಚಿಕಿತ್ಸೆ ಕೊಟ್ಟವರ ಬರಹದ ಒಪ್ಪಿಗೆಯಿಲ್ಲದೆ ಅಂಕಣಕ್ಕೆ ಇಳಿಸಬೇಡಿ. ಅವಳನ್ನು ಸ್ಕೋರು ಬರೆಯಲು, ಫ್ರೀ ಥ್ರೋ ನೋಡಿ ತಿದ್ದಲು ಪಕ್ಕದಲ್ಲಿ ಕೂಡಿಸಿಕೊಳ್ಳಿ. ತಂಡದಿಂದ ದೂರಾದರೆ ವ್ಯಾಯಾಮವನ್ನೂ ಬಿಡುತ್ತಾಳೆ. ಉಳಿದ ಮಕ್ಕಳಿಗೆ ವಾರಕ್ಕೆ ಎರಡು ಮೂರು ದಿನವಾದರೂ ಹದಿನೈದು ನಿಮಿಷ ಇಳಿಯುವುದನ್ನು ಕಲಿಸಿ: ಮೊಣಕಾಲು ಬಾಗಿಸಿ, ಬೆರಳಿನ ನೇರಕ್ಕೆ ಇರಿಸಿ, ಸದ್ದಾಗದಂತೆ ಇಳಿಯುವುದು, ಒಂಟಿ ಕಾಲಿನ ಮೇಲೆ ನಿಲ್ಲುವುದು, ತೊಡೆಯ ಹಿಂಭಾಗಕ್ಕೆ ಬಲ ಬರುವ ವ್ಯಾಯಾಮ. ಇಂಥ ಅಭ್ಯಾಸ ನಿಯಮಿತವಾಗಿ ಮಾಡಿದ ಹುಡುಗಿಯರಲ್ಲಿ ಎಸಿಎಲ್ ಪೆಟ್ಟುಗಳು ಸುಮಾರು ಅರ್ಧಕ್ಕೆ ಇಳಿದಿವೆ. ಸರಕಾರ ಏನೂ ಕೊಡದಿದ್ದರೂ ಇದನ್ನು ನಾಳೆಯೇ ಶುರು ಮಾಡಬಹುದು.

ತಂದೆ-ತಾಯಿಗಳೇ, ವಿಜಯಪುರಕ್ಕೆ ತೋರಿಸಲು ಬರುವಾಗ, ಯಾರಿಗೇ ತೋರಿಸಿ, ಹಳೆಯ ಎಕ್ಸರೇ, ಎಂಆರ್‌ಐ ವರದಿ, ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಚೀಟಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಪೆಟ್ಟಾದ ದಿನಾಂಕ, ಶಸ್ತ್ರಚಿಕಿತ್ಸೆಯ ದಿನಾಂಕ ಬರೆದು ತನ್ನಿ. ಮಗುವಿಗೆ ಮೊಣಕಾಲಿನ ಮೇಲಿನ ಚಡ್ಡಿ, ದಿನಾ ಆಡುವ ಬೂಟು ಹಾಕಿಸಿ. ಎರಡೂ ಕಾಲು ನೋಡಬೇಕು, ಬೂಟಿನ ತಳವನ್ನೂ ನೋಡಬೇಕು. ಸಾಧ್ಯವಾದರೆ ತಂದೆ ತಾಯಿ ಇಬ್ಬರೂ ಬನ್ನಿ, ಮನೆಯಲ್ಲಿ ವ್ಯಾಯಾಮ ಮಾಡಿಸುವವರು ಇಬ್ಬರೂ ಕಲಿತಿರಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಫಿಜಿಯೊಥೆರಪಿಸ್ಟ್
ವಿಜಯಪುರ